ಓದುವಾಗಿನ ನಡುನೋಟ: ಸೀಳಿ ಹೋಗುತ್ತದೋ, ಎರಡೂ ಕಡೆ ಹೋಗುತ್ತದೋ?

ನಡುನೋಟಕ್ಕೆ ಕಂಡದ್ದು ಎಡ-ಬಲ ಮೆದುಳಿಗೆ ಸೀಳಿ ಹೋಗುತ್ತದೋ, ಇಡಿಯಾಗಿ ಎರಡಕ್ಕೂ ಹೋಗುತ್ತದೋ? ಓದಿನ ಮೇಲೆ ಪ್ರಾಜೆಕ್ಟ್ ಮಾಡೋರು ಇದರಲ್ಲಿ ಒಂದು ಪಕ್ಷ ಹಿಡಿಯಲೇಬೇಕು. ದಿಟ್ಟಿಸಿದ ಜಾಗದ ಎಡಕ್ಕೆ ಕಂಡದ್ದು ಮೊದಲು ಬಲ ಮೆದುಳಿಗೆ ಹೋಗುತ್ತದೆ, ಬಲಕ್ಕೆ ಕಂಡದ್ದು ಎಡ ಮೆದುಳಿಗೆ. ಅದು ಎಲ್ಲರಿಗೂ ಒಪ್ಪಿಗೆ. ಜಗಳ ಇರೋದು ಫೋವಿಯಾ ಬಗ್ಗೆ ಮಾತ್ರ, ಅಂದರೆ ಕಣ್ಣಿನ ಹಿಂಪರದೆಯಾದ ರೆಟಿನಾದ ನಡುವೆ ಅಕ್ಷರ ಅತಿ ಸ್ಪಷ್ಟವಾಗಿ ಕಾಣುವ ಚಿಕ್ಕ ಜಾಗ.

ಸೀಳು ಫೋವಿಯಾ ವಾದದ ಪ್ರಕಾರ ಅಲ್ಲೂ ನಡುಗೆರೆಯಲ್ಲೇ ಕತ್ತರಿ. ಪದದ ಮಧ್ಯೆ ನೋಡಿದರೆ ಮೊದಲರ್ಧ ಬಲ ಮೆದುಳಿಗೆ ಹೋಗಿ, ಎರಡೂ ಮೆದುಳನ್ನು ಜೋಡಿಸುವ ನರಗಳ ಸೇತುವೆಯಾದ ಕಾರ್ಪಸ್ ಕ್ಯಾಲೋಸಮ್ ದಾಟಿ, ಹೆಚ್ಚಿನವರಲ್ಲಿ ಭಾಷೆ ನೋಡಿಕೊಳ್ಳುವ ಎಡ ಮೆದುಳನ್ನು ಸೇರಬೇಕು. ಸಂಶೋಧಕ ಶಿಲ್ಕಾಕ್ ಮತ್ತು ಸಂಗಡಿಗರು 2000ರಲ್ಲಿ ಇದರ ಮೇಲೆ ಓದಿನ ಮಾದರಿಯನ್ನೇ ಕಟ್ಟಿದರು. ಇಂಗ್ಲಿಷ್ ಪದವನ್ನು ನಡುವಿಗಿಂತ ಸ್ವಲ್ಪ ಎಡಕ್ಕೆ ನೋಡಿದರೆ ಬೇಗ ಗುರುತಾಗುತ್ತದೆ ಅನ್ನೋದಕ್ಕೆ ಇಲ್ಲಿ ಉತ್ತರವಿದೆ (ಹೆಚ್ಚು ಅಕ್ಷರ ಬಲಕ್ಕೆ ಬಿದ್ದು ನೇರ ಎಡ ಮೆದುಳಿಗೆ ಹೋಗುತ್ತವೆ), ಆದರೆ ಪದದ ಆರಂಭದಲ್ಲೇ ಸುಳಿವು ಜಾಸ್ತಿ ಅನ್ನೋದೂ ಕಾರಣ ಆಗಬಹುದು ಅಲ್ವಾ?

ಎರಡನೇ ವಾದದಲ್ಲಿ ನಡುಭಾಗ ಎರಡೂ ಮೆದುಳಿಗೆ ನೇರ ಹೋಗುತ್ತದೆ. ಮೆದುಳಿನ ಒಂದು ಕಡೆಯ ದೃಷ್ಟಿಭಾಗ ಹಾಳಾದ ಕೆಲವರಿಗೂ ನಡುನೋಟ ಉಳಿಯುವುದು ಇದರ ಹಳೇ ಆಧಾರ. ಅದು ರಕ್ತನಾಳಗಳ ಹಂಚಿಕೆಯಿಂದಲೂ ಆಗಬಹುದು (ನಡುನೋಟದ ಭಾಗಕ್ಕೆ ಬೇರೆ ನಾಳದಿಂದಲೂ ರಕ್ತ ಸಿಕ್ಕು ಅದು ಹಾಳಾಗದೆ ಉಳಿದಿರಬಹುದು), ಹಾಗಾಗಿ ನನಗೆ ಗಟ್ಟಿ ಅನ್ನಿಸುವುದಿಲ್ಲ. ಸಂಶೋಧಕರಾದ ಜೋರ್ಡನ್ ಮತ್ತು ಪ್ಯಾಟರ್ಸನ್ 2009ರಲ್ಲಿ ಸೀಳು ವಾದದ ಪ್ರಯೋಗಗಳ ಮೇಲೆ ಎತ್ತಿದ ತಕರಾರು ಮಾತ್ರ ಗಂಭೀರ: ಕಣ್ಣು ನಿಜವಾಗಿ ಎಲ್ಲಿ ನಿಂತಿದೆ ಅಂತ ಅಳೆಯದೆ ತೀರ್ಮಾನ ಬೇಡ.

ಕಂಪ್ಯೂಟರ್ ಮಾದರಿ ಕಟ್ಟೋರಿಗೆ ಮೊದಲನೆಯದೇ ಒಳ್ಳೆಯದು, ಪರೀಕ್ಷಿಸಬಹುದಾದ ಊಹೆ ಸಿಗುತ್ತದೆ. ಪ್ರಯೋಗ ಮಾಡೋರು ಯಾವುದನ್ನೇ ಹಿಡಿದರೂ ಕಣ್ಣು ಎಲ್ಲಿ ನಿಂತಿದೆ ಅಂತ ಅಳೆಯುವ ಐ-ಟ್ರ್ಯಾಕರ್ ಬಿಡಬೇಡಿ.