ದೊಡ್ಡ ಕಂಪನಿಯಲ್ಲಿ ಒಂಬತ್ತು ವರ್ಷ: ಐದಕ್ಕೆ ಮೂರೂವರೆ

ಅರಸೀಕೆರೆಯಿಂದ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಎಂಜಿನಿಯರಿಂಗ್ ಕೊನೆಯ ವರ್ಷ, ನಾನಿರುವ ಕಂಪನಿಯಿಂದಲೇ ಕೆಲಸದ ಪತ್ರ ಬಂದಿದೆ. "ಸೇರಲೋ ಬೇಡವೋ ಹೇಳಕ್ಕ" ಎಂದಳು. ಅವಳಿಗೆ ಒಂದು ಗಂಟೆ ಹೇಳಿದ್ದನ್ನು, ಅವಳಂತೆಯೇ ಕೇಳುವ ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ, ಸಾವಿರಾರು ಜನ ದುಡಿಯುತ್ತಾರೆ, ಅಷ್ಟು ಸಾಕು.

ನಾನು ಟೆಸ್ಟರ್. ಬೇರೆಯವರು ಬರೆದ ತಂತ್ರಾಂಶ ಎಲ್ಲಿ ಎಡವುತ್ತದೆ ಎಂದು ಹುಡುಕುವುದು ನನ್ನ ಕೆಲಸ. ನಮ್ಮ ತಂಡ ಅಮೆರಿಕದ ವಿಮಾ ಗ್ರಾಹಕರೊಬ್ಬರಿಗೆ ದುಡಿಯುತ್ತದೆ. 2024ರ ಫೆಬ್ರುವರಿ ಮೊದಲ ವಾರ ನನಗೊಂದು ಅನುಮಾನ ಬಂತು. ಈ ತಿಂಗಳ 29ರಂದು ಯಾರಾದರೂ ಒಂದು ವರ್ಷದ ಪಾಲಿಸಿ ಕೊಂಡರೆ ಅದರ ನವೀಕರಣ ಯಾವ ದಿನ? ಪರೀಕ್ಷೆಗೆಂದು ಇರುವ ಸರ್ವರ್‌ನ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ನೋಡಿದೆ. ತಂತ್ರಾಂಶ 2025ರ ಫೆಬ್ರುವರಿ 29 ಎಂದು ಲೆಕ್ಕ ಹಾಕಿತ್ತು. ಅಂಥ ದಿನವೇ ಇಲ್ಲ. ಇಲ್ಲದ ದಿನಕ್ಕೆ ನೆನಪಿನ ಪತ್ರವೂ ಹೊರಡುವುದಿಲ್ಲ. ಯಾರಿಗೂ ತಿಳಿಯದಂತೆ ಪಾಲಿಸಿ ಸತ್ತುಹೋಗುತ್ತಿತ್ತು, ಗೊತ್ತಾಗುವುದು ಆಸ್ಪತ್ರೆಯ ಬಿಲ್ ಕೈಗೆ ಬಂದ ದಿನ. ಆ ಸಂಜೆ ನನಗಾದ ಸಂತೋಷವನ್ನು ಯಾವ ಬಡ್ತಿಯೂ ಕೊಟ್ಟಿಲ್ಲ. ನಾನೆಂದೂ ಕಾಣದ ಊರಿನ, ಮುಖವೇ ಗೊತ್ತಿಲ್ಲದ ಜನರಿಗೆ ಒಂದು ಕೆಡುಕು ತಪ್ಪಿತ್ತು. ಇಷ್ಟು ದೊಡ್ಡ ಸಂಖ್ಯೆಯ ಜನರನ್ನು ಮುಟ್ಟುವ ಕೆಲಸ ಚಿಕ್ಕ ಕಚೇರಿಯಲ್ಲಿ ನನಗೆ ಸಿಗುತ್ತಿರಲಿಲ್ಲ.

ತಪ್ಪನ್ನು ತಿದ್ದಿದವರು ಹೈದರಾಬಾದಿನಲ್ಲಿ ಕೂತಿದ್ದ ಪ್ರೋಗ್ರಾಮರ್. ಅವರಿಗೆ ಬೇಕಾದದ್ದು ಒಂದು ಮಧ್ಯಾಹ್ನ. ಆ ತಿದ್ದುಪಡಿ ನಿಜವಾದ ಗ್ರಾಹಕರನ್ನು ತಲುಪಲು ಹತ್ತೊಂಬತ್ತು ದಿನ ಹಿಡಿಯಿತು. ನಮ್ಮ ಮ್ಯಾನೇಜರ್ ಒಪ್ಪಬೇಕು, ಬಿಡುಗಡೆಯ ಸಮಿತಿ ಒಪ್ಪಬೇಕು, ಆಮೇಲೆ ಗ್ರಾಹಕರ ಕಡೆಯವರು ಒಪ್ಪಬೇಕು. ಹೊಸಬರಿಗೆ ಇದು ಉಸಿರು ಕಟ್ಟಿಸುತ್ತದೆ. ನನಗೂ ಕಟ್ಟಿಸಿತ್ತು. ಈಗ ಆ ಮೂರು ಸಹಿಗಳ ಬೆಲೆ ಗೊತ್ತಿದೆ, ಆದರೂ ಹತ್ತೊಂಬತ್ತು ದಿನ ಹೆಚ್ಚೇ.

ಇನ್ನು ಸಂಜೆಯ ಮಾತು. ಕೆಲಸಕ್ಕೆ ಸೇರುವಾಗ ಇದನ್ನು ನನಗೆ ಯಾರೂ ಹೇಳಲಿಲ್ಲ. ಗ್ರಾಹಕರು ಶಿಕಾಗೊ ಸಮಯದವರು. ಅವರಿಗೆ ಬೆಳಿಗ್ಗೆ ಒಂಬತ್ತಾದಾಗ ಬೇಸಿಗೆಯಲ್ಲಿ ನಮಗೆ ರಾತ್ರಿ ಏಳೂವರೆ. ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅಲ್ಲಿಂದ ಮಾರ್ಚ್‌ನ ಎರಡನೆಯ ಭಾನುವಾರದವರೆಗೆ ನಮ್ಮ ಕಾಲ್ ಶುರುವಾಗುವುದು ಎಂಟೂವರೆಗೆ. ನನ್ನ ಮಗಳು ಒಂಬತ್ತಕ್ಕೆ ಮಲಗುತ್ತಾಳೆ. ಬೇಸಿಗೆಯಲ್ಲಿ ಕಾಲ್ ಮುಗಿಸಿ ಅವಳಿಗೊಂದು ಕಥೆ ಹೇಳಬಹುದು, ಚಳಿಗಾಲದಲ್ಲಿ ಆಗುವುದಿಲ್ಲ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅವಳೇ ಕೇಳಿದಳು: "ಅಮ್ಮಾ, ಅವರ ಗಡಿಯಾರ ಯಾವಾಗ ಮುಂದೆ ಹೋಗುತ್ತದೆ?" ಆರು ವರ್ಷದ ಮಗು ಶಿಕಾಗೊದ ಕಾಲಮಾನ ಕಲಿಯಬೇಕಾಗಿರಲಿಲ್ಲ. ಒಂದು ಅಂಕ ಕಳೆದದ್ದು ಇಲ್ಲಿ.

ಅದೇ ಮಗುವಿಗೆ ಕಂಪನಿ ಮಾಡಿದ್ದನ್ನೂ ಹೇಳಬೇಕು. ಹೆರಿಗೆ ರಜೆ 26 ವಾರ, ಪೂರ್ತಿ ಸಂಬಳ. ಅದು 2017ರಿಂದ ಕಾನೂನೇ ಆದರೂ, ಒಂದು ದಿನ ಹೆಚ್ಚು ಕಡಿಮೆಯಾಗದೆ, ಯಾರ ಮುಂದೆಯೂ ಕೈಚಾಚದೆ ಸಿಕ್ಕಿತು. ಹಿಂದಿರುಗಿದ ಮೇಲೆ ಆವರಣದೊಳಗಿನ ಶಿಶುಪಾಲನಾ ಕೇಂದ್ರದಲ್ಲಿ ಅವಳನ್ನು ಬಿಡುತ್ತಿದ್ದೆ. ಹನ್ನೊಂದಕ್ಕೂ ಮೂರಕ್ಕೂ ಎದ್ದು ಹೋಗಿ ಹಾಲೂಡಿಸಿ ಬರುತ್ತಿದ್ದೆ. ಯಾರೂ ಹುಬ್ಬೇರಿಸಲಿಲ್ಲ. ಚಿಕ್ಕ ಕಂಪನಿಯಲ್ಲಿದ್ದ ನನ್ನ ಗೆಳತಿ ಅದೇ ಹೊತ್ತಿನಲ್ಲಿ ಕೆಲಸ ಬಿಟ್ಟಿದ್ದಳು.

ಸಂಬಳದ ಬಗ್ಗೆ ಒಂದೇ ಮಾತು: ಪತ್ರದಲ್ಲಿ ಕಾಣುವ ವಾರ್ಷಿಕ ಮೊತ್ತವನ್ನು ಹನ್ನೆರಡರಿಂದ ಭಾಗಿಸಬೇಡಿ. ಅದರಲ್ಲಿ ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲು, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಸಿಕ್ಕರೂ ಸಿಗಬಹುದಾದ ಬದಲಾಗುವ ವೇತನ ಎಲ್ಲವೂ ಸೇರಿರುತ್ತವೆ. ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಬಾಯಿಬಿಟ್ಟು ಕೇಳಿ.

ರೇಟಿಂಗ್ ನನ್ನನ್ನು ಹೆಚ್ಚು ನೋಯಿಸಿದ ವಿಷಯ. ನಮ್ಮದು ಹನ್ನೆರಡು ಜನರ ತಂಡ, ಮೇಲಿನ ದರ್ಜೆ ಇಬ್ಬರಿಗೆ ಮಾತ್ರ. ಫೆಬ್ರುವರಿ 29ರ ತಪ್ಪನ್ನು ಹಿಡಿದ ವರ್ಷ ನನಗೆ ಸಿಕ್ಕಿದ್ದು ಮಧ್ಯದ ದರ್ಜೆ. ಮ್ಯಾನೇಜರ್ ಒಳ್ಳೆಯ ಮನುಷ್ಯ, ಕಣ್ಣು ತಪ್ಪಿಸದೆ ಹೇಳಿದರು: "ನಿಮ್ಮ ಕೆಲಸದಲ್ಲಿ ಕೊರತೆಯಿಲ್ಲ, ಪಟ್ಟಿಯಲ್ಲಿ ಜಾಗವಿಲ್ಲ." ಆ ಮಾತನ್ನು ನಾನಿನ್ನೂ ಒಪ್ಪಿಲ್ಲ.

ಓಡಾಟ ಈಗ ಸುಲಭವಾಗಿದೆ. ಮೊದಲು ಕಂಪನಿಯ ಬಸ್ಸು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತಿತ್ತು. 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಶುರುವಾದಾಗ 25 ನಿಮಿಷಕ್ಕೊಂದೇ ರೈಲು, ಆದರೂ ಅಂದಿನಿಂದಲೇ ರಾಗಿಗುಡ್ಡದಲ್ಲಿ ಹತ್ತಿ ಕೋನಪ್ಪನ ಅಗ್ರಹಾರದಲ್ಲಿ ಇಳಿಯುತ್ತಿದ್ದೇನೆ. ಊಟಕ್ಕೆ ದಕ್ಷಿಣ ಭಾರತದ ಕೌಂಟರ್ ವಾಸಿ. ಗುರುವಾರದ ಬಿಸಿಬೇಳೆ ಭಾತ್ ಬೇಗ ಮುಗಿಯುತ್ತದೆ, ಹನ್ನೆರಡೂಕಾಲಕ್ಕೇ ಹೋಗಿ.

ಉಳಿದ ಅರ್ಧ ಅಂಕ ಕಳೆದದ್ದು ನನಗಾಗಿ ಅಲ್ಲ. ನಮ್ಮ ಮೂರನೆಯ ಮಹಡಿಯನ್ನು ಗುಡಿಸಿ ಒರೆಸುವ ಹೆಂಗಸು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು, ನನಗಿಂತ ಎರಡು ವರ್ಷ ಹಳಬರು. ಗುತ್ತಿಗೆದಾರ ನಾಲ್ಕು ಸಲ ಬದಲಾಗಿದ್ದಾನೆ. ಪ್ರತಿ ಸಲವೂ ಅವರ ಸೇವೆಯ ಲೆಕ್ಕ ಸೊನ್ನೆಯಿಂದ ಶುರು. ಕೊರಳಲ್ಲಿ ನನ್ನದು ನೀಲಿ ಪಟ್ಟಿ, ಅವರದು ಹಸಿರು. ಹಸಿರು ಪಟ್ಟಿಗೆ ಕಂಪನಿಯ ಬಸ್ಸಿಲ್ಲ. ಖಾಲಿ ಸೀಟುಗಳಿದ್ದರೂ ಇಲ್ಲ. ಇದನ್ನು ಬರೆದು ಎರಡು ಬಾರಿ ಸಲಹೆ ಪೆಟ್ಟಿಗೆಗೆ ಹಾಕಿದ್ದೇನೆ. ಮೂರನೆಯ ಸಲವೂ ಹಾಕುತ್ತೇನೆ.

ತಂಗಿ ಸೇರುತ್ತಿದ್ದಾಳೆ. ಸಂದರ್ಶನದವರನ್ನು "ಗ್ರಾಹಕರು ಯಾವ ದೇಶದವರು?" ಎಂದು ಕೇಳಲು ಹೇಳಿದ್ದೆ. ತರಬೇತಿ ಮುಗಿದ ಮೇಲೆ ತಿಳಿಸುತ್ತೇವೆ ಎಂದರಂತೆ. ಹಾಗಿದ್ದರೆ ತಂಡ ಹಂಚುವಾಗ ಮತ್ತೊಮ್ಮೆ ಕೇಳು ಎಂದಿದ್ದೇನೆ. ಇನ್ನೊಂದನ್ನು ಮಾತ್ರ ಮೊದಲ ವಾರದಲ್ಲೇ ಮಾಡಬೇಕು. ಕಂಪನಿಯ ಆರೋಗ್ಯ ವಿಮೆಯಲ್ಲಿ ಅಪ್ಪ ಅಮ್ಮನ ಹೆಸರು ಸೇರಿಸಲು ನಮ್ಮಲ್ಲಿ ಸೇರಿದ ದಿನದಿಂದ 30 ದಿನ ಮಾತ್ರ ಅವಕಾಶ, ತಪ್ಪಿದರೆ ಮುಂದಿನ ವರ್ಷ. ನನ್ನ ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿಸಿದ ರಾತ್ರಿ ನಾನು ಕೌಂಟರಿನಲ್ಲಿ ತೋರಿಸಿದ್ದು ಆ ಕಾರ್ಡನ್ನು. ಆ 30 ದಿನದ ಮಾತು ಅರ್ಜಿಯ ಎರಡನೆಯ ಪುಟದಲ್ಲಿ, ಕೆಳಗೆ, ಸಣ್ಣ ಅಕ್ಷರದಲ್ಲಿದೆ.