ರೋಟಾ ಹನಿ: ಐದಕ್ಕೆ ನಾಲ್ಕು ಅಂಕ

ಹಾಸನ ಜಿಲ್ಲೆಯ ಉಪಕೇಂದ್ರಗಳಲ್ಲಿ ಹಾಲುಗೂಸಿಗೆ ಪುಕ್ಕಟೆ ಹಾಕುವ, ಭೇದಿ ತರುವ ರೋಟಾವೈರಸ್ ವಿರುದ್ಧದ ಲಸಿಕೆ 6, 10, 14ನೇ ವಾರಕ್ಕೆ ಮೂರು ಡೋಸ್. ರೋಟಾವ್ಯಾಕ್ ಆದರೆ ಬರೀ 5 ಹನಿ. ಪುಡಿ ಕಲಸಿ ಕೊಡುವ ರೋಟಾಸಿಲ್ ಆದರೆ 2.5 ಮಿ.ಲೀ.; ಕೆನ್ನೆಯ ಒಳಬದಿಗೆ ನಿಧಾನ ಬಿಡಬೇಕು, ಒಮ್ಮೆಲೇ ಸುರಿದರೆ ಅರ್ಧ ಜೊಲ್ಲಿನ ಜೊತೆ ಆಚೆ.

ಕೆಲಸದ ರೀತಿಗೆ ಪೂರ್ತಿ ಅಂಕ. ಹನಿಯಲ್ಲಿರುವುದು ಬಲಗುಂದಿದ ಜೀವಂತ ವೈರಸ್. ಅದು ಸಣ್ಣ ಕರುಳಿನಲ್ಲಿ ತುಸು ಬೆಳೆದಾಗ ಅಲ್ಲಿನ ಟಿ ಕೋಶಗಳು (ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು) ಎಚ್ಚರಗೊಂಡು, ಆಲ್ಫಾ4ಬೀಟಾ7 ಎಂಬ ಪ್ರೋಟೀನಿನ ವಿಳಾಸಚೀಟಿ ಅಂಟಿಸಿಕೊಂಡು, ರಕ್ತದಲ್ಲಿ ಸುತ್ತಿ ಮತ್ತೆ ಕರುಳಿಗೇ ಮರಳುತ್ತವೆ. ಇವುಗಳಲ್ಲಿ ಸಿಡಿ8 ಎಂಬ ಬಗೆಯ ಕೋಶಗಳು ಸೋಂಕು ತಗುಲಿದ ಕೋಶಗಳನ್ನು ಕೊಲ್ಲುತ್ತವೆ. ಸಿಡಿ4 ಬಗೆಯವು ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ನೆರವಾಗಿ, ಕರುಳಿನ ಒಳಪದರ ಕಾಯುವ ಐಜಿಎ ಪ್ರತಿಕಾಯ ಮಾಡಿಸುತ್ತವೆ. ತೋಳಿನ ಸೂಜಿಗೆ ಈ ವಿಳಾಸ ಸುಲಭಕ್ಕೆ ಸಿಗದು.

ಒಂದು ಅಂಕ ಕಡಿತ ಯಾಕೆಂದರೆ, ರೋಟಾವ್ಯಾಕ್ ಪ್ರಯೋಗದಲ್ಲಿ ತೀವ್ರ ರೋಟಾ ಭೇದಿಯಿಂದ ಮೊದಲ ವರ್ಷ ಸಿಕ್ಕ ರಕ್ಷಣೆ ಸುಮಾರು ಶೇ. 56. ತಾಯಿಯಿಂದ ಬಂದ ಪ್ರತಿಕಾಯ ಲಸಿಕೆ ವೈರಸ್ಸನ್ನು ಬೆಳೆಯಗೊಡದಿರಬಹುದು. ಹಾಗಂತ ಎದೆಹಾಲು ನಿಲ್ಲಿಸಬೇಡಿ! ಬೇರೆ ವೈರಸ್ಸಿನ ಭೇದಿಗೆ ಇದು ನಾಟದು, ಓಆರ್‌ಎಸ್ ಮನೆಯಲ್ಲಿರಲಿ.

ಲಸಿಕೆ ಬಿಸಿಗೆ ಕೆಟ್ಟಿದೆಯೇ ಎಂದು ತೋರಿಸುವ, ಸೀಸೆಯ ಮೇಲಿನ ವಿವಿಎಂ ಗುರುತಿನಲ್ಲಿ ಒಳಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದೆಯೇ ನೋಡಿ. ತಾಯಿ ಕಾರ್ಡಿನಲ್ಲಿ ದಿನಾಂಕ ಬರೆಸಿ. ಡೋಸ್ ಆದ ಮೇಲೆ ಮಗು ಬಿಟ್ಟುಬಿಟ್ಟು ಕಿರುಚಿ ಅಳುವುದು, ವಾಂತಿ, ಮಲದಲ್ಲಿ ರಕ್ತ ಕಂಡರೆ ಕರುಳು ಒಂದರೊಳಗೊಂದು ಹೊಕ್ಕಿರಬಹುದು. ಅಪರೂಪ, ಆದರೂ ಗ್ರೈಪ್ ವಾಟರ್ ಕುಡಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.