ನೆದರ್‌ಲ್ಯಾಂಡ್ಸ್‌ನ ಕ್ರಾಮ್‌ಝೋರ್ಗ್: ಅಮ್ಮ ಬರುತ್ತಾರೆಂದು ಗಂಟೆ ಕಡಿಮೆ ಮಾಡಿಸಬೇಡಿ

ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್ ಕಡೆಯ ಕನ್ನಡದ ಮನೆಗಳಲ್ಲಿ ಹೆರಿಗೆ ಹತ್ತಿರವಾದರೆ ಊರಿಂದ ಅಮ್ಮನನ್ನೋ ಅತ್ತೆಯನ್ನೋ ಕರೆಸುವ ಮಾತು ಶುರುವಾಗುತ್ತದೆ. ಹಿಂದೆಯೇ ಇನ್ನೊಂದು ಮಾತು: ಮನೇಲಿ ಜನ ಇದ್ಮೇಲೆ ಬಾಣಂತಿ ನೋಡ್ಕೊಳ್ಳೋಕೆ ಬರೋ ಆ ಡಚ್ ಹೆಂಗಸು ಯಾಕೆ, ಆಕೆಯ ಗಂಟೆ ಕಮ್ಮಿ ಮಾಡಿಸೋಣ. ಈ ಲೆಕ್ಕ ತಪ್ಪು. ಹೆರಿಗೆಯಾದ ಮೇಲೆ ಮನೆಗೇ ಬಂದು ತಾಯಿ ಮಗುವನ್ನು ನೋಡಿಕೊಳ್ಳುವ ಈ ಕ್ರಾಮ್‌ಝೋರ್ಗ್ ಸೇವೆ ಆ ದೇಶದಲ್ಲಿ ಸಿಗುವ ಅತ್ಯುತ್ತಮ ಸೌಲಭ್ಯಗಳಲ್ಲಿ ಒಂದು, ಮತ್ತು ಅದು ಮಾಡುವ ಕೆಲಸ ಅಮ್ಮ ಮಾಡುವ ಬಾಣಂತನವಲ್ಲ.

ಸಾಮಾನ್ಯವಾಗಿ ಹಾಲೂಡಿಸುವ ತಾಯಿಗೆ 8 ದಿನಗಳಲ್ಲಿ 49 ಗಂಟೆ ಸಿಗುತ್ತದೆ. ಕನಿಷ್ಠ 24, ತೊಂದರೆ ಇದ್ದರೆ 80ರವರೆಗೂ ಹೋಗಬಹುದು. ಸಿಸೇರಿಯನ್ ಆಗಿ ಆಸ್ಪತ್ರೆಯಲ್ಲಿ ಉಳಿದರೆ ಆ ದಿನಗಳ ಗಂಟೆ ಕಳೆದುಹೋಗುತ್ತದೆ. ಖರ್ಚು ಮೂಲ ಆರೋಗ್ಯ ವಿಮೆಯದ್ದು, ವಿಮೆಗೆ ಮೊದಲು ವರ್ಷಕ್ಕಿಷ್ಟು ಎಂದು ನಾವೇ ಭರಿಸುವ ಡಿಡಕ್ಟಿಬಲ್‌ಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಪಾಲು 2025ರಲ್ಲಿ ಗಂಟೆಗೆ 5.40 ಯೂರೋ ಇತ್ತು, ಅಂದರೆ 49 ಗಂಟೆಗೆ 264.60. ಹೆಚ್ಚುವರಿ ವಿಮೆ ಇದ್ದವರಿಗೆ ಇದೂ ವಾಪಸ್ ಬರಬಹುದು, ಪಾಲಿಸಿ ತೆಗೆದು ನೋಡಿ.

ಗರ್ಭ 12ರಿಂದ 16 ವಾರ ಇರುವಾಗಲೇ ಈ ಸೇವೆ ಒದಗಿಸುವ ಏಜೆನ್ಸಿಯಲ್ಲಿ ಹೆಸರು ಬರೆಸಿ. ಜನರ ಕೊರತೆ ನಿಜವಾಗಿಯೂ ಇದೆ, ಬೇಸಿಗೆ ರಜೆಯಲ್ಲಿ ಇನ್ನೂ ಹೆಚ್ಚು. ತಡ ಮಾಡಿದವರಿಗೆ ಕನಿಷ್ಠ ಗಂಟೆಗಳಷ್ಟೇ ಸಿಗುವುದುಂಟು. ಏಳನೇ ತಿಂಗಳು ದಾಟಿದ ಮೇಲೆ ಏಜೆನ್ಸಿಯವರು ಮಾತುಕತೆಗೆ ಕರೆಯುತ್ತಾರೆ ಅಥವಾ ಮನೆಗೆ ಬರುತ್ತಾರೆ. ಆಗ ಕೇಳುವ ಪ್ರಶ್ನೆಗಳಲ್ಲಿ ಒಂದು ಮಂಚದ ಎತ್ತರ. ಹಾಸಿಗೆಯ ಮೇಲ್ಭಾಗ ನೆಲದಿಂದ ಸುಮಾರು 80 ಸೆಂಟಿಮೀಟರ್ ಇರಬೇಕು. ದಿನವಿಡೀ ಬಗ್ಗಿ ಕೆಲಸ ಮಾಡುವವರ ಬೆನ್ನಿನ ರಕ್ಷಣೆಗೆ ಇದು ನಿಯಮ. ಮಂಚ ತಗ್ಗಾಗಿದ್ದರೆ ಕಾಲಿನಡಿ ಇಡುವ ದಿಮ್ಮಿಗಳು ಬಾಡಿಗೆಗೆ ಸಿಗುತ್ತವೆ, 37ನೇ ವಾರಕ್ಕೆ ಸಿದ್ಧವಾಗಿರಲಿ. ಮಗುವಿನ ಹಾಸಿಗೆ ಬೆಚ್ಚಗಿಡಲು ಲೋಹದ ಬಿಸಿನೀರಿನ ಬಾಟಲಿ ಎರಡು, ಬಟ್ಟೆಯ ಚೀಲದ ಸಮೇತ ಬೇಕು. ಬಾಟಲಿ ಮಗುವಿನಿಂದ ಕನಿಷ್ಠ ಒಂದು ಅಂಗೈ ಅಗಲ ದೂರ, ಮುಚ್ಚಳ ಕಾಲಿನ ಕಡೆಗೆ. ಮುಚ್ಚಳ ಸೋರಿದರೆ ಸುಟ್ಟ ಗಾಯ ಆಗುತ್ತದೆ, ಹೊಸ ಬಾಟಲಿಯನ್ನೂ ಮೊದಲು ತಲೆಕೆಳಗೆ ಹಿಡಿದು ನೋಡಿ.

ಮನೆಗೆ ಬರುವ ಕ್ರಾಮ್‌ಝೋರ್ಗ್ ಸಿಬ್ಬಂದಿಯ, ಅಂದರೆ ಕ್ರಾಮ್‌ನವರ ಬೆಲೆ ತಿಳಿಯುವುದು ಅವರು ದಿನವೂ ತುಂಬುವ ದಾಖಲೆಯಲ್ಲಿ. ತಾಯಿಯ ಜ್ವರ, ನಾಡಿ, ರಕ್ತಸ್ರಾವ, ಹೊಲಿಗೆ, ಗರ್ಭಕೋಶ ಎಷ್ಟು ಇಳಿದಿದೆ ಎಂಬುದೆಲ್ಲ ಅಲ್ಲಿರುತ್ತದೆ. ಮಗುವಿನ ಮೈಬಿಸಿ 36.5ರಿಂದ 37.5 ಡಿಗ್ರಿಯೊಳಗೆ ಇದೆಯೇ, ತೂಕ ಎಷ್ಟು ಇಳಿಯಿತು, ಕಾಮಾಲೆಯ ಹಳದಿ ಮೈಯಲ್ಲಿ ಎಲ್ಲಿಯವರೆಗೆ ಹರಡಿದೆ ಎಂಬುದೂ ಇರುತ್ತದೆ. ಒದ್ದೆ ಡೈಪರ್ ಎಣಿಕೆ ಮೊದಲ ದಿನ ಒಂದು, ಎರಡನೇ ದಿನ ಎರಡು, ಹೀಗೆ ಆರರವರೆಗೆ ಏರಬೇಕು. ನಾಲ್ಕನೇ ದಿನವೂ ಮಲ ಕಪ್ಪಾಗೇ ಇದ್ದರೆ, ಡೈಪರ್‌ನಲ್ಲಿ ಇಟ್ಟಿಗೆ ಬಣ್ಣದ ಕಲೆ ಮುಂದುವರಿದರೆ ಹಾಲು ಸಾಲುತ್ತಿಲ್ಲವೇನೋ ಎಂದು ಸೂಲಗಿತ್ತಿಗೆ ಫೋನ್ ಹೋಗುತ್ತದೆ. ತೂಕ ಶೇಕಡ 10ರಷ್ಟು ಇಳಿಯುವವರೆಗೆ ಕಾಯುವ ಮಾತೇ ಇಲ್ಲ. ಎಷ್ಟೇ ಅನುಭವಿ ಅಜ್ಜಿಯಾದರೂ ಕಣ್ಣಂದಾಜಿನಲ್ಲಿ ಇದನ್ನು ಹಿಡಿಯುವುದು ಕಷ್ಟ. ಗಂಟೆ ಕಡಿಮೆ ಮಾಡಿಸಿದಾಗ ಮೊದಲು ಕೈತಪ್ಪುವುದು ಪಕ್ಕದಲ್ಲಿ ಕೂತು ಹಾಲೂಡಿಸುವುದನ್ನು ಕಲಿಸುವ ಸಮಯ.

ಇನ್ನು ಮನೆಯೊಳಗಿನ ಜಗಳ. ಬಾಣಂತಿ ನೀರು ಕುಡಿಯಬಾರದು ಎಂಬುದನ್ನು ಕ್ರಾಮ್‌ನವರು ಖಂಡಿತ ಒಪ್ಪುವುದಿಲ್ಲ, ಒಪ್ಪಲೂಬಾರದು. ಹೊಕ್ಕುಳಬಳ್ಳಿಗೆ ಅರಿಶಿನ, ಕಣ್ಣಿಗೆ ಕಾಡಿಗೆ, ಬಜೆ ತೇಯ್ದು ನೆಕ್ಕಿಸುವುದು, ಜೇನು ಯಾವುದೂ ಬೇಡ. ದಿಂಬು, ದಪ್ಪ ರಜಾಯಿಯೂ ಬೇಡ: ಮಗು ಅಂಗಾತ ಮಲಗಬೇಕು, ಹೊದಿಕೆ ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿರಬೇಕು. ಸಾಂಬ್ರಾಣಿ ಹೊಗೆ ಮಗುವಿನ ಉಸಿರಿಗೆ ಒಳ್ಳೆಯದಲ್ಲ. ಜೊತೆಗೆ 2022ರ ಜುಲೈ 1ರಿಂದ ಪ್ರತಿ ಮಹಡಿಯಲ್ಲೂ ಹೊಗೆ ಅಲಾರಂ ಕಡ್ಡಾಯ, ಧೂಪ ಹಾಕಿದರೆ ಅದೂ ಕಿರುಚೀತು. ಆದರೆ ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಸಾರು, ತುಪ್ಪದನ್ನ, ಅಂಟಿನುಂಡೆಗೆ ಅವರ ತಕರಾರಿಲ್ಲ. ಹಗುರವಾಗಿ ಎಣ್ಣೆ ಹಚ್ಚುವುದಕ್ಕೂ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಈ ಪಟ್ಟಿಯನ್ನು ಅಮ್ಮ ವಿಮಾನ ಹತ್ತುವ ಮೊದಲೇ ಮಗಳೋ ಮಗನೋ ಮಾತಾಡಿ ಮುಗಿಸಬೇಕು. ಹಸಿ ಬಾಣಂತಿಯ ಎದುರಿಗೆ ಇಬ್ಬರು ಹಿರಿಯ ಹೆಂಗಸರು ವಾದಕ್ಕೆ ನಿಂತರೆ ಸೋಲುವುದು ಅವಳೇ.

ಟಿಕೆಟ್ ವಿಷಯದಲ್ಲಿ ಒಂದು ಸಲಹೆ. ಅಮ್ಮ ಬರುವ ಶೆಂಗೆನ್ ವಿಸಾದಲ್ಲಿ (ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಅಲ್ಪಾವಧಿ ವಿಸಾ) 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಹೆರಿಗೆಗೆ ಮೂರು ವಾರ ಮೊದಲೇ ಬಂದರೆ ಅಷ್ಟೂ ದಿನ ಕೈಬಿಟ್ಟಂತೆ. ಮನೆಯಲ್ಲಿ ದೊಡ್ಡ ಮಗು ಇಲ್ಲದಿದ್ದರೆ ಕ್ರಾಮ್ ಮುಗಿಯುವ ಹೊತ್ತಿಗೆ ಅಮ್ಮ ತಲುಪುವಂತೆ ನೋಡಿಕೊಳ್ಳಿ. ಒಂಬತ್ತನೇ ದಿನ ಮನೆ ಇದ್ದಕ್ಕಿದ್ದಂತೆ ಖಾಲಿಯಾಗುತ್ತದೆ, ಕೈ ಬೇಕಾಗುವುದು ಆಗಲೇ.

ಕೊರತೆಗಳೂ ಇವೆ. ರಾತ್ರಿ ಯಾರೂ ಇರುವುದಿಲ್ಲ. ದಿನಕ್ಕೊಬ್ಬರು ಬದಲಾದರೆ ಹಾಲೂಡಿಸುವ ಬಗ್ಗೆ ಒಬ್ಬೊಬ್ಬರದು ಒಂದೊಂದು ಸಲಹೆ. ಅಡುಗೆ ಅಂದರೆ ಹೆಚ್ಚಾಗಿ ಬ್ರೆಡ್ಡು ಚೀಸು, ಫ್ರೀಜರ್‌ನಲ್ಲಿ ಸಾರು ಹುಳಿ ಮಾಡಿಟ್ಟರೆ ಬಿಸಿ ಮಾಡಿ ಕೊಡುತ್ತಾರೆ. ಹೆಸರು ಬರೆಸುವಾಗಲೇ ಮೂರು ಪ್ರಶ್ನೆ ಕೇಳಿ: 49 ಗಂಟೆಗೆ ಖಾತರಿ ಕೊಡುತ್ತೀರಾ, ಒಟ್ಟು ಎಷ್ಟು ಜನ ಬದಲಾಗುತ್ತಾರೆ, ಇಂಗ್ಲಿಷ್ ಬಲ್ಲವರು ಸಿಗುತ್ತಾರಾ. ಸರಿಯಾದ ಉತ್ತರ ಬರದಿದ್ದರೆ ಬೇರೆ ಏಜೆನ್ಸಿ ನೋಡಿ, 16 ವಾರದೊಳಗೆ ಅದಕ್ಕೆ ಸಮಯವಿರುತ್ತದೆ.